ಅಥಣಿಯ ಅಂಗನವಾಡಿ ಗೋಡೆ

ಮೊಲಕ್ಕೆ ಚಪ್ಪಲಿ ಬರೆದಿದ್ದೆ, ಎರಡು ಕಂದು ಸೊನ್ನೆ.
ಮೊಮ್ಮಗನ ಬಿಡಲು ಬಂದ ಸೋನವ್ವ ಹೊನಕಾಂಬಳೆ
ನಕ್ಕಳು: "ಬದನಿಕಾಯಿ ಮೆಟ್ಟೈತೇನ್ರಿ ಮೊಲ?"

ಮಧ್ಯಾಹ್ನ ತಂದಳು, ಒಂದೇ ಒಂದು, ಬಲಗಾಲಿನದು,
ಇನ್ನೂ ಎಣ್ಣೆ ಕುಡಿಯುತ್ತಿದ್ದದ್ದು.
"ಇವು ಕಿವಿ ನೋಡ್ರಿ. ಚಪ್ಪಲಿಗೂ ಎರಡು ಕಿವಿ ಇರತಾವು.
ಇದು ಉಂಗುಟ. ಹೆಬ್ಬೆರಳಿಲ್ಲಂದ್ರ ಕಾಲು ನಿಲ್ಲೂದಿಲ್ಲ."

ಮೊಲಕ್ಕೆಲ್ಲಿಯ ಹೆಬ್ಬೆರಳು? ಬರೆದೆ.
ನರಿಗೂ. ಕರಡಿಗೆ ಉಗುರು ಮಡಚಿ.
ಬಾರಿನ ಹೊಲಿಗೆ ಒಂದೊಂದೇ ಬೆರಳಿಟ್ಟು ಎಣಿಸಿದಳು,
ಹತ್ತಿದ ಹಸಿ ಬಣ್ಣ ಸೆರಗಿಗೊರೆಸಿ:
"ನರಿಗೆ ಎರಡೂ ಎಡಗಾಲಿನವ ಆಗ್ಯಾವ. ಇರಲಿ,
ಅದು ಯಾವಾಗರ ನೆಟ್ಟಗ ನಡದೈತೇನು?"

ಉಳಿದದ್ದು ಎಮ್ಮೆಕರು.
ಕುಂಚ ಅದ್ದಿದೆ, ಅದೇ ಕಂದು.
ಸೋನವ್ವ ಕೈಯೊಳಗಿನ ಚಪ್ಪಲಿ ತಿರುವಿದಳು.
ಅಟ್ಟೆಯ ಮೇಲೆ, ಸಾಸಿವೆಯಷ್ಟು,
ಎಂದೋ ಉಣ್ಣಿ ಕಚ್ಚಿದ ಕಲೆ.
"ಅದಕ್ಕ ಬ್ಯಾಡ್ರಿ," ಅಂದಳು. ಅಷ್ಟೇ.

ನಾಲ್ಕು ಗೊರಸು ಬರೆದೆ, ಸ್ವಲ್ಪ ಕೆಸರು.
ಅವಳು ಹೊಸ್ತಿಲಾಚೆ ಬಿಟ್ಟಿದ್ದ
ನೀಲಿ ಪಟ್ಟಿಯ ರಬ್ಬರಿನವು ಮೆಟ್ಟಿಕೊಂಡು
ಪಟಪಟ ಹೋದಳು,
ಒಂದಕ್ಕೆ ಪಿನ್ನು ಹಾಕಿತ್ತು.