ಅಗುಳಿ

ಕರೆಂಟ್ ಬಿಲ್ಲಿನ ಬೆನ್ನ ಮೇಲೆ ನಕ್ಷೆ.
ಇಪ್ಪತ್ತಡಿ ಉದ್ದ, ಹನ್ನೆರಡಡಿ ಅಗಲ,
ಎಂಟು ಕೋಳಿಗೆ ತಲಾ ಮೂವತ್ತು ಚದರಡಿ.
ಹತ್ತೊಂಬತ್ತು ವರ್ಷ ಮೀನುದೋಣಿಯಲ್ಲಿ ಅಡುಗೆ ಮಾಡಿದವಳು ನಾನು,
ನನಗಿದ್ದ ಜಾಗ ಅದರರ್ಧ.
ಕೈ ಚಾಚಿದರೆ ಒಲೆ, ಮೊಣಕೈ ಮಡಚಿದರೆ ಗೋಡೆ.
ಇರಲಿ, ಇವಕ್ಕೆ ರೆಕ್ಕೆ ಇದೆ, ಬಿಚ್ಚಲಿ.

ಹೋದ ವರ್ಷ ಸೇಬು ಕೀಳುವ ತಿಂಗಳಲ್ಲಿ
ಒಂದೇ ರಾತ್ರಿಗೆ ಐದು ಹೋದವು.
ಹ್ಯೂಅನ್ ಹೊಳೆಯ ಈ ದಡದಲ್ಲಿ ನರಿ ಇಲ್ಲ,
ಕ್ವಾಲ್ ಇದೆ:
ಬೆಕ್ಕಿನಷ್ಟು ಮೈ, ಕಂದು ತುಪ್ಪಳದ ಮೇಲೆ
ಯಾರೋ ಸುಣ್ಣದ ಕುಂಚ ಕೊಡವಿದಂಥ ಚುಕ್ಕೆ.
ಬೆಳಗ್ಗೆ ಪುಕ್ಕ ಬಾಚಿ ಚೀಲಕ್ಕೆ ತುಂಬಿದೆ.
ಕೆಟಲ್ ಎಂಬ ಕರಿ ಹೇಂಟೆಯ ಒಂದು ಕಾಲು ಮಾತ್ರ ಸಿಕ್ಕಿತು.
ಊರು ಕೊಳ್ಳೆ ಹೋದ ಮೇಲೆ ಕೋಟೆಗೆ ಬಾಗಿಲು,
ಗೊತ್ತು. ಆದರೂ ಬಾಗಿಲು ಬೇಕಲ್ಲ,
ಉಳಿದ ಮೂರಕ್ಕೆ, ತರಬೇಕಿದ್ದ ಐದಕ್ಕೆ.

ಪಕ್ಕದ ತೋಟದ ವಿಲ್ಲೆಮ್ ಬೇಲಿಗೆ ಗದ್ದವೂರಿ ಹೇಳಿದ:
"ಆ ತೆಳ್ಳನೆ ಕೋಳಿತಂತಿ ಕೋಳಿಯನ್ನು ಒಳಗಿಡುತ್ತೆ, ಅಷ್ಟೆ.
ಹೊರಗಿನದನ್ನು ಹೊರಗಿಡೋಲ್ಲ."
ಅರ್ಧ ಅಂಗುಲ ಕಣ್ಣಿನ ಬೆಸುಗೆ ಜಾಲರಿ ತಂದೆ.
ಎರಡು ತಿಂಗಳ ಪಿಂಚಣಿ ಸುರುಳಿ ಸುತ್ತಿಕೊಂಡು
ಅಂಗಳದಲ್ಲಿ ನಿಂತಿತು.
ಬುಡದಲ್ಲಿ ಹೊರಕ್ಕೆ ಮಡಚಿ, ಎರಡಡಿ ಸೆರಗು ಬಿಟ್ಟು,
ಹುಲ್ಲಿನಡಿ ಹಾಸಿ, ಕಲ್ಲು ಹೇರಿದೆ.
ಅಗೆಯುವುದು ಗೋಡೆಯ ಬುಡದಲ್ಲೇ ಅಗೆಯುತ್ತದೆ,
ಎರಡು ಹೆಜ್ಜೆ ಹಿಂದೆ ಸರಿಯುವ ಬುದ್ಧಿ ಅದಕ್ಕಿಲ್ಲ.
ನನಗೂ ಬಹಳ ಕಾಲ ಇರಲಿಲ್ಲ.
ಮೇಲಕ್ಕೆ ನನ್ನ ಹಳೆಯ ಮೀನುಬಲೆ ಸಾಕೇ ಅಂದೆ.
ವಿಲ್ಲೆಮ್ ನಕ್ಕ. ಮೇಲೂ ಜಾಲರಿಯೇ:
ಕ್ವಾಲ್ ಹತ್ತುತ್ತದೆ, ಗಿಡುಗ ಇಳಿಯುತ್ತದೆ.
ಎತ್ತರ, ನನ್ನ ತಲೆ ತಾಗದಷ್ಟು.
ಬೆನ್ನು ಬಗ್ಗಿಸಿ ಹೊಗಬೇಕಾದ ಜಾಗವನ್ನು
ಯಾರೂ ಮನಸಾರೆ ಗುಡಿಸುವುದಿಲ್ಲ.

ಬಿಸಿಲು ಬರುವ ಉತ್ತರಕ್ಕೆ ಮುಖ ಮಾಡಿ ಗೂಟ ಹೊಡೆದಿದ್ದೆ.
ಆಗ್ನೆಸ್ ಒಪ್ಪಲಿಲ್ಲ.
ಗೂಟದಿಂದ ನಾಲ್ಕಡಿ ಆಚೆ, ಮುದಿ ಸೇಬಿನ ಬುಡದಲ್ಲಿ
ಹೊಂಡ ತೋಡಿ, ಮಗ್ಗುಲಾಗಿ ಬಿದ್ದುಕೊಂಡು,
ಹೊಟ್ಟೆಗೆ ಧೂಳೆರಚಿಕೊಳ್ಳುತ್ತ ನನ್ನನ್ನೇ ನೋಡಿದಳು.
ರಬ್ಬರು ಹುಡುಕಿದೆ. ಇಡೀ ಚೌಕ ಸರಿಸಿದೆ.
ಮರ ಒಳಗೆ ಬಂತು. ಅದರ ಕಾಂಡಕ್ಕೆ
ಜಾಲರಿಯ ಕೊರಳಪಟ್ಟಿ ಹೊಲಿಯಲು ಒಂದು ವಾರ.

ಮುಗಿದ ದಿನ, ಆಗಸ್ಟಿನ ಸಂಜೆ,
ನೀರಿನ ಬಟ್ಟಲಿಡಲು ಒಳಹೊಕ್ಕೆ.
ಗಾಳಿ ಬಾಗಿಲನ್ನು ತಳ್ಳಿತು. ಅಗುಳಿ ಬಿತ್ತು,
ಹೊರಗಡೆ.
ನಾನೇ ಆರಿಸಿ ತಂದ ಜಾಣ ಅಗುಳಿ, ಯಾವ ಪಂಜಕ್ಕೂ ಜಗ್ಗದ್ದು.
ಅರ್ಧ ಅಂಗುಲದ ಕಣ್ಣಲ್ಲಿ ನನ್ನ ಕಿರುಬೆರಳೂ ತೂರಲಿಲ್ಲ.
ಫೋನು ಅಡುಗೆಮನೆಯಲ್ಲಿ. ವಿಲ್ಲೆಮ್ ಪೇಟೆಯಲ್ಲಿ.
ಬಕೆಟ್ ಬೋರಲು ಹಾಕಿ ಕೂತೆ.

ಪೂರ್ತಿ ಕತ್ತಲಾಗುವ ಮೊದಲು ಅದು ಬಂತು.
ಅವಸರವಿಲ್ಲ. ಕಂದಾಯ ವಸೂಲಿಗೆ ಬಂದವರ ನಡಿಗೆ.
ಮೂಗಿನಿಂದ ಒಂದೊಂದೇ ಮೂಲೆ ಓದಿತು.
ಬುಡದಲ್ಲಿ ಕೆರೆಯಿತು, ಸೆರಗು ಸಿಕ್ಕಿತು, ಮತ್ತೆ ಕೆರೆಯಿತು.
ಕಂಬ ಹತ್ತಿ ನನ್ನ ನೆತ್ತಿಯ ಮೇಲೇ ನಡೆಯಿತು:
ಹೊಟ್ಟೆಯ ಚೀಲ ಜೋತಿತ್ತು,
ಒಳಗೆ ಏನೋ ಮಿಸುಕುತ್ತಿತ್ತು, ಒಂದಲ್ಲ, ನಾಲ್ಕೈದು.
ಎಂಟು ಕೋಳಿ ನನ್ನ ಕಾಲಿಗೆ ಒತ್ತಿಕೊಂಡವು.
ಒಂಬತ್ತನೆಯದು ನಾನು, ಉಸಿರು ಬಿಗಿಹಿಡಿದು.
ಕಣ್ಣಿಗೆ ಕಣ್ಣು ಕೂಡಿತು.
ಆ ಪುಕ್ಕದ ಚೀಲದ ಲೆಕ್ಕ ಕೇಳಬೇಕೆಂದು
ಒಂದೂವರೆ ವರ್ಷದಿಂದ ಕಾದಿದ್ದೆ.
ಬಾಯಿಂದ ಬಂದದ್ದು:
"ಹೋಗೇ, ಗುಡ್ಡದಾಚೆ ಮೊಲ ಇವೆ."

ಒಂಬತ್ತು ಗಂಟೆಗೆ ವಿಲ್ಲೆಮನ ಟಾರ್ಚು.
ಕೆಮ್ಮು ಬರುವ ತನಕ ನಕ್ಕ, ಆಮೇಲೆ ತೆಗೆದ.

ಬೆಳಗ್ಗೆ ಚೌಕಟ್ಟಿಗೆ ತೂತು ಕೊರೆದೆ.
ಅಗುಳಿಗೊಂದು ದಾರ, ದೋಣಿಯಲ್ಲಿ ಕಲಿತ ಗಂಟು,
ಒಳಗಿನಿಂದ ಎಳೆದರೆ ತೆರೆಯುವಂತೆ.
ಆಗ್ನೆಸ್ ಅದನ್ನು ಹುಳವೆಂದುಕೊಂಡು
ಹಾರಿ ಹಾರಿ ಕುಕ್ಕುತ್ತಾಳೆ.
ಇನ್ನೂ ಸ್ವಲ್ಪ ಮೇಲೆ ಕಟ್ಟಬೇಕು.