ಮೂರನೇ ಅಂಕಿ

ಗಿಣಿಗೇರಿಯಲ್ಲಿ ರಾತ್ರಿ ಪಾಳಿ.
ಇಕ್ಕಳದಲ್ಲಿ ಕಚ್ಚಿಸಿಕೊಂಡು ಖಾಜಾಸಾಬ್ ತಂದಿಟ್ಟ ಬಿಲ್ಲೆ
ಇನ್ನೂ ಬಿಸಿ.
ಅವ್ವ ರೊಟ್ಟಿ ತಟ್ಟುವಾಗ ಕೊನೆಗೆ ಉಳಿದ ಹಿಟ್ಟಿನಲ್ಲಿ
ಮಗುವಿಗೆಂದು ತಟ್ಟುವ ಪುಟಾಣಿ ರೊಟ್ಟಿಯಷ್ಟೇ ಅಗಲ.
ನೀರಿಗೆ ಬಿಟ್ಟೆ, ಚೊಂಯ್ ಅಂದಿತು.
ಉಜ್ಜುವ ಚಕ್ರಕ್ಕೆ ಕೊಟ್ಟೆ, ಮುಖ ಬೆಳ್ಳಗಾಯಿತು.

ಹೀಟ್ ನಂಬರ್ ಎಪ್ಪತ್ತೊಂದು ಹದಿನೆಂಟು.
ಯಂತ್ರದ ಬಾಯಿಗೆ ಒರಗಿಸಿ ಗುಂಡಿ ಒತ್ತಿದರೆ
ಒಂದು ಕಿಡಿ, ಒಂದಿಷ್ಟು ಸುಟ್ಟ ವಾಸನೆ,
ಪರದೆಯ ಮೇಲೆ ಬಿಲ್ಲೆಯ ಜಾತಕ.

ಇಂಗಾಲ, ಸೊನ್ನೆ ಬಿಂದು ನಲವತ್ತು.
ಇದು ಗಡಸು. ಏರಿದರೆ ಗಾಜಿನ ಬುದ್ಧಿ, ಇಳಿದರೆ ಬೇಲಿಯ ತಂತಿ.
ನಿಕ್ಕಲ್ ಒಂದೂವರೆ:
ಪೆಟ್ಟು ತಿಂದೂ ಬಾಯಿ ಬಿಡದಿರುವುದು.
ಕ್ರೋಮಿಯಂ ಒಂದರ ಮೇಲೆ ಚಿಲ್ಲರೆ:
ಗಡಸನ್ನು ತೊಗಲಿನಲ್ಲೇ ನಿಲ್ಲಗೊಡದೆ
ಎಲುಬಿನವರೆಗೆ ಇಳಿಸುವುದು.
ಮಾಲಿಬ್ಡಿನಮ್ ಕಾಲು ಭಾಗ.
ಈ ಹೆಸರು ಖಾಜಾಸಾಬನ ನಾಲಿಗೆಗೆ ಹತ್ತುವುದಿಲ್ಲ.
"ಮಲ್ಲಮ್ಮ ಎಷ್ಟದಾಳ್ರೀ ಮೇಡಂ?"
ಇದ್ದಾಳಪ್ಪ, ಇದ್ದಾಳೆ.
ಅವಳೊಬ್ಬಳು ಇಲ್ಲದಿದ್ದರೆ
ಕಾಯಿಸಿ ಮೆಲ್ಲಗೆ ಆರಿಸುವಾಗ ಈ ಉಕ್ಕು
ಹೊರಗೆ ನಗುತ್ತ ಒಳಗೊಳಗೇ ಮುನಿಯುತ್ತದೆ.

ಕೊನೆಯಲ್ಲಿ ಗಂಧಕ.
ಸೊನ್ನೆ ಬಿಂದು ಸೊನ್ನೆ ನಲವತ್ಮೂರು.
ಮಿತಿ ನಲವತ್ತು.

ಕ್ವಿಂಟಲಿಗೆ ಮೂರು ಗ್ರಾಂ ಹೆಚ್ಚು.
ಸಾರಿಗೆ ಹಾಕಿದರೆ ಉಪ್ಪು ಸಾಲದು ಅನ್ನುವಷ್ಟು.
ಜಾಗ ಬದಲಿಸಿ ಮತ್ತೆ ಸುಟ್ಟೆ. ನಲವತ್ನಾಲ್ಕು.
ಮತ್ತೆ. ನಲವತ್ತೆರಡು.
ಬಿಲ್ಲೆಯ ಹಣೆಯ ಮೇಲೆ ಮೂರು ಕರಿ ಬೊಟ್ಟು.

ಫೋನಿನಲ್ಲಿ ಪಂಪನಗೌಡರು. ನಿದ್ದೆಗಣ್ಣಿನ ದನಿ.
"ಆಕ್ಸಲಿನ ಮಾಲವ್ವ ಅದು. ಬಡಿಯೋರು ಕಾಯ್ಕೊಂತ ಕುಂತಾರ.
ಮೂರನೇ ಅಂಕಿ ಯಾರು ನೋಡ್ತಾರ?
ಮತ್ತೊಮ್ಮೆ ಸುಡು. ಬರೋತನಕ ಸುಡು."

ಬರೋತನಕ.

ಕುಷ್ಟಗಿಯಲ್ಲಿ ನನ್ನ ಕಾಕಾ ಮಾನಪ್ಪನಿಗೆ
ಅಂಕಿ ಅಂದರೆ ಬಸ್ಸಿನ ನಂಬರು, ಅಷ್ಟೇ.
ಗುಜರಿಯ ತುಂಡೊಂದನ್ನು ಕೆಂಪಗೆ ಕಾಯಿಸಿ
ಅಡಿಗಲ್ಲಿನ ಮೇಲಿಟ್ಟು ಮೊದಲ ಏಟು ಹಾಕುತ್ತಿದ್ದ,
ಅಂಚು ಸೀಳಿತೋ, ಸುತ್ತಿಗೆ ಕೆಳಗೆ.
"ಪಿತ್ತ ಐತಿ ಇದಕ್ಕ."
ಬಿಸಿಯಲ್ಲಿ ಸೀಳಿದರೆ ಪಿತ್ತ,
ತಣ್ಣಗಿದ್ದಾಗ ಮುರಿದರೆ ಶೀತ.
ಎರಡೇ ರೋಗ ಅವನ ವೈದ್ಯದಲ್ಲಿ.
ಪಿತ್ತದ ಕಬ್ಬಿಣ ಗುಳವಾಗುತ್ತಿರಲಿಲ್ಲ, ಕೊಡಲಿಯಾಗುತ್ತಿರಲಿಲ್ಲ.
ಎಮ್ಮೆ ಕಟ್ಟುವ ಗೂಟವಾಗುತ್ತಿತ್ತು.
ಎಮ್ಮೆಗೆ ಅದರಿಂದ ಏನೂ ಬೇಜಾರಿರಲಿಲ್ಲ.

ನಾನು ಓದಿದ್ದು ಇಷ್ಟು ಹೆಚ್ಚು:
ಗಂಧಕ ಒಂಟಿಯಾಗಿರುವುದಿಲ್ಲ,
ಮ್ಯಾಂಗನೀಸಿನ ಕೈ ಹಿಡಿಯುತ್ತದೆ.
ಉರುಳೆಗಳ ನಡುವೆ ಉಕ್ಕು ಉದ್ದವಾದಂತೆ
ಅವೆರಡೂ ಎಳೆ ಎಳೆಯಾಗಿ ಮಲಗುತ್ತವೆ,
ಸೀರೆಯ ಮಡಿಕೆಯೊಳಗೆ ಬಿಟ್ಟುಹೋದ ಕೂದಲಿನ ಹಾಗೆ.
ವರ್ಷಗಟ್ಟಲೆ ಏನೂ ಆಗುವುದಿಲ್ಲ.
ಅದಿರು ಹೇರಿಕೊಂಡ ಲಾರಿ ಸಂಡೂರಿನ ಇಳಿಜಾರಿನಲ್ಲಿ
ಸಾವಿರ ಸಲ ಇಳಿಯುತ್ತದೆ, ಏನೂ ಆಗುವುದಿಲ್ಲ.
ಬಿರುಕಿಗೆ ಆತುರವಿಲ್ಲ.
ಕತ್ತಲಲ್ಲಿ ಗೋಡೆ ಸವರುತ್ತ ಬಾಗಿಲು ಹುಡುಕುವವರಂತೆ
ಅದು ಆ ಎಳೆಯನ್ನು ಹುಡುಕುತ್ತಿರುತ್ತದೆ.

ಇನ್ನೊಮ್ಮೆ ಸುಡಲಿಲ್ಲ.
ನಲವತ್ಮೂರು ಅಂತಲೇ ಬರೆದೆ,
ಮೂರರ ಬಾಲ ಸ್ವಲ್ಪ ಉದ್ದವಾಯಿತು.
ಕೆಳಗೆ ಸಹಿ: ಹುಲಿಗೆಮ್ಮ ಕಮ್ಮಾರ, ಬೆಳಗಿನ ನಾಲ್ಕೂ ಹತ್ತು.

ಗೌಡರು ಎರಡು ದಿನ ಮಾತಾಡಲಿಲ್ಲ.
ಮೂರನೇ ದಿನ ಚಹಾ ಕಳಿಸಿದರು. ಸಕ್ಕರೆ ಮರೆತಿದ್ದರು,
ಅಥವಾ ಮರೆತಿರಲಿಲ್ಲ.

ಬಿಲ್ಲೆ ನನ್ನ ಮೇಜಿನ ಮೇಲಿದೆ,
ಫ್ಯಾನಿನ ಗಾಳಿಗೆ ಕಾಗದ ಹಾರದಂತೆ.
ಉಳಿದ ಮಾಲು ಕೆಳದರ್ಜೆಯ ಮುದ್ರೆ ಹೊಡೆಸಿಕೊಂಡು
ಅಗ್ಗದ ದರಕ್ಕೆ ಹೋಯಿತು, ಕಿಟಕಿಯ ಸರಳಿಗಂತೆ.
ಖಾಜಾಸಾಬನಿಗೆ ಅದೊಂದೇ ಸಂಕಟ.
"ಅಷ್ಟು ನಿಕ್ಕಲ್ಲು, ಅಷ್ಟು ಕ್ರೋಮು..."

ಇರಲಿ.
ಯಾವುದೋ ಊರಿನ ಅಡುಗೆಮನೆಯಲ್ಲಿ
ಹಾಲಿಗೆ ಬರುವ ಬೆಕ್ಕನ್ನು ತಡೆದು ನಿಂತಿರಬಹುದು ಈಗ
ಎಪ್ಪತ್ತೊಂದು ಹದಿನೆಂಟು,
ಮಲ್ಲಮ್ಮನ ಸಮೇತ.