ಎಷ್ಟು ಸೀಟಿನದ್ದು?

ಎಂಬತ್ತನೇ ನಂಬರಿನ ಉಪ್ಪುಕಾಗದದಿಂದ ಶುರುಮಾಡಿದೆ,
ಡಿಸೆಂಬರಿನ ಮೊದಲ ವಾರ. ಅದಕ್ಕೆ ಮುಂಚೆ
ಈ ಊರಲ್ಲಿ ಬಣ್ಣ ಒಣಗುವುದಿಲ್ಲ, ಬರೀ ಯೋಚಿಸುತ್ತದೆ.
ಜೆಪ್ಪುವಿನಲ್ಲಿ, ನಮ್ಮ ಕಾರಿಲ್ಲದ ಕಾರ್‌ಶೆಡ್ಡಿನೊಳಗೆ
ನಾಲ್ಕು ಇಟ್ಟಿಗೆಯ ಮೇಲೆ ನಿಂತಿದೆ ಆಳೆತ್ತರದ ಪೆಟ್ಟಿಗೆ:
ಕಂಕನಾಡಿ ಮಾರ್ಕೆಟ್ಟಿನ ಹಿಂದೆ ಪಪ್ಪ ಇಟ್ಟಿದ್ದ
ವಿಡಿಯೋಗೇಮ್ ಅಂಗಡಿಯ ಐದರಲ್ಲಿ ಉಳಿದ ಒಂದು.
ನಾಲ್ಕು ಗುಜರಿಗೆ ಹೋದವು. ಇದರ ತಲೆಯ ಮೇಲೆ
ಮಮ್ಮಿ ಉಪ್ಪಿನಕಾಯಿ ಭರಣಿ ಇಟ್ಟಿದ್ದಳು,
ಹಾಗಾಗಿ ಬಚಾವಾಯಿತು.

ನನ್ನ ಜಾಗ ಗಲ್ಲೆಯ ಹಿಂದೆ. ವಯಸ್ಸು ಹದಿಮೂರು.
ಐದರ ನೋಟಿಗೆ ಐದು ದಪ್ಪ ರೂಪಾಯಿ,
ಹತ್ತರದ್ದಕ್ಕೆ ಹತ್ತು, ಹರಿದ ನೋಟಿಗೆ ‘ಬೇರೆ ಕೊಡು’.
ಹುಡುಗರ ಮುಖ ನೆನಪಿಲ್ಲ, ಬೆನ್ನು ನೆನಪಿದೆ.
ಬೆವರಿಗೆ ಅಂಟಿದ ಅಂಗಿ, ಕುಣಿಯುವ ಹೆಗಲ ಮೂಳೆ,
ಸೋತ ಕೂಡಲೇ ಪೆಟ್ಟಿಗೆಯ ಪಕ್ಕೆಗೆ ಬೀಳುವ ಒಂದು ಏಟು.
ಹುಡುಗಿಯರು ಬರುತ್ತಿರಲಿಲ್ಲ.
ಬರಬಾರದೆಂದು ಬೋರ್ಡೇನೂ ಇರಲಿಲ್ಲ.

ಮೊದಲು ಉದುರಿದ್ದು ಹಸಿರು. ಅಂಗಡಿ ಮುಚ್ಚಿದ ವರ್ಷ
ಗೇಟಿಗೆ ಬಳಿದು ಮಿಕ್ಕಿದ್ದು. ಆಮೇಲೆ ಒಂದು ನೀಲಿ,
ಹಟಮಾರಿ, ಎರಡು ದಿನ ತಿಂದಿತು.
ನೀಲಿಯ ಕೆಳಗೆ, ಧೂಳು ಒರೆಸಿದರೆ, ಕಿಟಕಿ.
ಪಕ್ಕದಲ್ಲಿ ಇನ್ನೊಂದು. ಎಣಿಸಿದೆ: ಹನ್ನೊಂದು, ಸಾಲಾಗಿ.
ಹಿಂಬಾಗಿಲು. ಬಾಗಿಲಲ್ಲಿ ಹಿಡಿದುಕೊಳ್ಳಲು ಕಂಬಿ.
ಮುಂದೆ ಚೂಪು ಮೂತಿ, ಹಿಂದೆ ಕೆಂಪು ಬೆಂಕಿಯ ಬಾಲ,
ಮೂತಿಯ ಕೆಳಗೆ ಹಳದಿ ಅಕ್ಷರ: ಸ್ಟೇಟ್‌ಬ್ಯಾಂಕ್.

ಮೋನಬ್ಬ!

ಬೊಂಬಾಯಿಯಿಂದ ಬಂದದ್ದು ಟ್ಯೂಬು ಮತ್ತು ಸರ್ಕ್ಯೂಟು ಮಾತ್ರ,
ಅಕ್ಕಿ ಗೋಣಿಯಲ್ಲಿ ಸುತ್ತಿ. ಪೆಟ್ಟಿಗೆ ಪದ್ಮನಾಭ ಆಚಾರಿಯದ್ದು;
ಒಳಗೆ ಇನ್ನೂ ಅವರ ಪೆನ್ಸಿಲು: ‘ಎಡ’, ‘ಬಲ’, ‘ತಲೆ’,
ಮತ್ತು ತಾಳೆಯಾಗದ ಒಂದು ಕೂಡಿಸುವ ಲೆಕ್ಕ.
ಬಣ್ಣಕ್ಕೆ ಮೋನಬ್ಬ ಬಂದ, ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಿಂದ,
ರಜೆಯ ದಿನ, ಸೈಕಲ್ಲಿನಲ್ಲಿ ಡಬ್ಬಿ ನೇತುಹಾಕಿಕೊಂಡು.
ಪಪ್ಪ ಹೇಳಿದರು, ‘ಒಂದು ರಾಕೆಟ್ ಬರಿ ಮಾರಾಯ.’
ಮೋನಬ್ಬ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದ,
ಬೀಡಿ ಆರಿಸಿದ, ಕೇಳಿದ:
‘ಎಷ್ಟು ಸೀಟಿನದ್ದು?’

ಟಿವಿ ರಿಪೇರಿಯ ದಯಾಕರನಿಗೆ ಇದು ಸರಿಕಾಣಲಿಲ್ಲ.
‘ಒರಿಜಿನಲ್ ಚಿತ್ರ ಸಿಗ್ತದೆ ಅಕ್ಕ. ಪ್ರಿಂಟ್ ತೆಗೆಸಿ
ಅಂಟಿಸಿದ್ರೆ ಆಯ್ತು, ಒಂದು ಗಂಟೆಯ ಕೆಲಸ.’
‘ಒರಿಜಿನಲ್ ಇದೇ,’ ಅಂದೆ.
ಅವನು ಪೆಟ್ಟಿಗೆಯ ಹಿಂದೆ ತಲೆ ತೂರಿಸಿದ. ಮಾತು ಮುಗಿಯಿತು.

ಗೆದ್ದಲು ತಿಂದ ಮೂಲೆಗೆ ಪುಟ್ಟಿ, ಅದರ ಮೇಲೆ ಪ್ರೈಮರು,
ಮತ್ತೆ ಉಜ್ಜುವುದು. ಉಗುರಿನ ಸಂದಿಯಲ್ಲಿ ಮೂರು ಕಾಲದ ಪುಡಿ.
ಮೋನಬ್ಬ ಎಡಗೈಯಲ್ಲಿ ಒಂದು ಕೋಲು ಹಿಡಿದು
ಅದರ ಮೇಲೆ ಬಲಗೈ ಮಣಿಕಟ್ಟು ಇಡುತ್ತಿದ್ದ;
ಗಲ್ಲೆಯಿಂದ ನೋಡಿದ್ದೇ ನಾನು ಕಲಿತ ವಿದ್ಯೆ.
ಐವತ್ತು ದಾಟಿದ ಕೈ, ಏಳನೇ ಕಿಟಕಿಯಲ್ಲಿ ಜಾರಿತು.
ಅಳಿಸಲಿಲ್ಲ. ಜಾರಿದ ಗೆರೆಯನ್ನು ಮೊಣಕೈ ಮಾಡಿದೆ,
ಕಿಟಕಿಯ ಹೊರಗೆ ಆರಾಮ ಚಾಚಿದ ಮೊಣಕೈ.
ಬಳೆ ಎರಡು ಹಾಕಿದೆ.
ಉಳಿದ ಹತ್ತು ಸೀಟು ಹಾಗೇ ಖಾಲಿ.

ದಯಾಕರ ಸ್ವಿಚ್ಚು ಒತ್ತಿ, ಬಾಯಲ್ಲಿದ್ದ ಸ್ಕ್ರೂ ಉಗುಳಿ,
‘ರೈಟ್ ಪೋಯಿ’ ಅಂದ.
ಟ್ಯೂಬು ಕಾಯಲು ಅರ್ಧ ನಿಮಿಷ, ಸುಟ್ಟ ಧೂಳಿನ ವಾಸನೆ,
ನಡುವಲ್ಲಿ ಒಂದು ಹಸಿರು ಚುಕ್ಕೆ ಅಗಲವಾಯಿತು.
ಈಗಿನ ರೂಪಾಯಿ ಅದಕ್ಕೆ ಆಗದು, ನುಂಗಿ ಉಗುಳುತ್ತದೆ.
ಬಿಸ್ಕತ್ತಿನ ಡಬ್ಬಿಯಲ್ಲಿ ಪಪ್ಪನ ದಪ್ಪ ನಾಣ್ಯ ಹದಿನೇಳು.
ಒಂದು ಹಾಕಿದೆ. ಡಣ್.

ಹದಿನಾಲ್ಕು ಸೆಕೆಂಡು. ಮೂರೂ ಜೀವ ಹೋಯಿತು.
ಕೈ ತಾನಾಗಿ ಎದ್ದು, ಬೆಂಕಿಯ ಬಾಲದ ಮೇಲೆ
ಸರಿಯಾಗಿ ಒಂದು ಬಿಟ್ಟಿತು.
ಬಣ್ಣ ಹಸಿಯಿತ್ತು. ಗೊತ್ತಿತ್ತು.
ಅಂಗೈ ತುಂಬ ಕೆಂಪು.
ದಯಾಕರ ಸೀಮೆಎಣ್ಣೆಯ ಬಟ್ಟೆ ಚಾಚಿದ.
ಇರಲಿ, ಅಂದೆ. ಇನ್ನೊಂದು ನಾಣ್ಯ ಕೊಡು.